ಎರಡು ಆಲ್ಟೊ, ಒಂದು ಮನೆ: ‘ಕಿನ್ಸ್‌ಮೆನ್’ ಆಲ್ಬಮ್‌ನಲ್ಲಿ ಕದ್ರಿ ಯಾರು, ರುದ್ರೇಶ್ ಯಾರು?

ಸಂಜೆಮಲ್ಲಿಗೆ

ಬಲ್ಲವರು ಯಾರಾದರೂ ನಮ್ಮ ಮನೆಯ ಈ ವ್ಯಾಜ್ಯವನ್ನು ಬಿಡಿಸಿಕೊಡಬೇಕು.

ಎರಡು ವಾರದಿಂದ ಅಡುಗೆಮನೆಯಲ್ಲಿ ಒಂದೇ ಆಲ್ಬಮ್ ತಿರುಗುತ್ತಿದೆ: ಅಮೆರಿಕದ ಜಾಝ್ ವಾದಕ ರುದ್ರೇಶ್ ಮಹಾಂತಪ್ಪ ತಮ್ಮ ‘ದಕ್ಷಿಣ ಆನ್ಸಾಂಬಲ್’ ಎಂಬ ವಾದ್ಯತಂಡ ಕಟ್ಟಿಕೊಂಡು ಮಾಡಿದ ‘ಕಿನ್ಸ್‌ಮೆನ್’. 2008ರಲ್ಲಿ ಅಮೆರಿಕದ ಪೈ ರೆಕಾರ್ಡಿಂಗ್ಸ್ ಹೊರತಂದದ್ದು. ಜಾಝ್ ವಾದಕರೊಬ್ಬರು ನಮ್ಮ ಕದ್ರಿ ಗೋಪಾಲನಾಥರನ್ನು ಜೊತೆಗಿರಿಸಿಕೊಂಡು ಸ್ಟುಡಿಯೋದಲ್ಲಿ ನುಡಿಸಿದ್ದಾರೆ ಎಂಬಷ್ಟೇ ಕೇಳಿ ತರಿಸಿದೆ. ಹಳೆಯ ಸಿ.ಡಿ. ಮಾರುವವರೊಬ್ಬರು ಕಳಿಸಿದ ಡಬ್ಬಿಯೊಳಗೆ ಇದ್ದದ್ದು ಬೇರಾವುದೋ ಆಲ್ಬಮ್‌ನ ಪುಸ್ತಿಕೆ. ಹೀಗಾಗಿ ಯಾವ ಭಾಗವನ್ನು ಯಾರು ನುಡಿಸಿದ್ದಾರೆ ಎಂದು ನೋಡಿಕೊಳ್ಳಲು ನನ್ನ ಬಳಿ ಏನೂ ಇಲ್ಲ.

ಇಬ್ಬರೂ ನುಡಿಸುವುದು ಆಲ್ಟೊ ಸ್ಯಾಕ್ಸೊಫೋನ್. ನಾನು ಪಾತ್ರೆ ತೊಳೆಯುತ್ತಿರುವಾಗ ನಡುಮನೆಯಲ್ಲಿ ಪತ್ರಿಕೆ ಹಿಡಿದು ಕೂತ ನಮ್ಮ ಮಾವ ತಲೆ ಎತ್ತದೆಯೇ “ಇದು ಕದ್ರಿ” ಎನ್ನುತ್ತಾರೆ. ಸ್ವಲ್ಪ ಹೊತ್ತಿಗೆ “ಈಗ ಆ ಹುಡುಗ” ಎನ್ನುತ್ತಾರೆ. ಮಾವನಿಗೆ 78, ಆ ಹುಡುಗನಿಗೆ ಐವತ್ತು ದಾಟಿದೆ. ರಾಮನವಮಿ ಚಪ್ಪರಗಳಲ್ಲಿ ಕದ್ರಿಯವರನ್ನು ಎಷ್ಟೋ ಸಲ ಕೇಳಿದವರು, ಒಪ್ಪೋಣ. ಆದರೆ ಪ್ರತಿಸಲವೂ ಸರಿ ಹೇಳುತ್ತಿದ್ದಾರೆಯೇ, ಇಲ್ಲ ಸೊಸೆಗೇನು ಗೊತ್ತು ಎಂಬ ಧೈರ್ಯವೇ? ಕಿವಿಗೆ ಸಿಗುವ ಗುರುತು ಏನಾದರೂ ಇದ್ದರೆ ತಿಳಿಸಿ.

ಚೌಕಕಾಲ

ಮಾವನವರು ಬಹುಪಾಲು ಸರಿಯೇ ಹೇಳುತ್ತಿರಬೇಕು. ಗುರುತು ಕಷ್ಟದ್ದಲ್ಲ, ನೋಡುವ ಜಾಗ ಗೊತ್ತಿರಬೇಕು ಅಷ್ಟೆ. ನಾವು ಸಾಮಾನ್ಯವಾಗಿ ಸ್ವರದ ಬಣ್ಣವನ್ನು ಹುಡುಕುತ್ತೇವೆ. ಅದನ್ನು ಬಿಟ್ಟು ಸ್ವರ ಹೇಗೆ ಶುರುವಾಗುತ್ತದೆ ಎಂಬುದನ್ನು ಗಮನಿಸಿ.

ಕದ್ರಿಯವರ ಸ್ವರ ಎಲ್ಲಿಂದಲೋ ಬಂದು ಸೇರುತ್ತದೆ. ಗಾಂಧಾರ, ಅಂದರೆ ಸರಿಗಮದ ‘ಗ’, ಬೇಕೆಂದರೆ ಅವರು ನೇರವಾಗಿ ಗಾಂಧಾರದ ಮೇಲೆ ಕಾಲಿಡುವುದಿಲ್ಲ. ಕೆಳಗಿನಿಂದಲೋ ಮೇಲಿನಿಂದಲೋ ಜಾರಿ ಬಂದು, ಅಲ್ಲಿ ತೂಗಿ, ಮುಂದಿನ ಸ್ವರದ ಕಡೆಗೆ ವಾಲಿಕೊಂಡು ಹೋಗುತ್ತಾರೆ. ಎರಡು ಸ್ವರಗಳ ನಡುವೆ ಬಿರುಕೇ ಕಾಣದು. ರುದ್ರೇಶ್ ಅವರದು ಹಾಗಲ್ಲ. ಬಾಯಿಗಿಡುವ ತುದಿಯಲ್ಲಿ ಕಂಪಿಸುವ ತೆಳುಪಟ್ಟಿಯನ್ನು, ಅಂದರೆ ರೀಡನ್ನು, ನಾಲಗೆಯಿಂದ ತಟ್ಟಿ ಪ್ರತಿ ಸ್ವರಕ್ಕೂ ಒಂದು ಅಂಚು ಕೊಡುತ್ತಾರೆ. ವೇಗವಾಗಿ ಹೋಗುವಾಗ ಹೊಸ ಚಾಕುವಿನಲ್ಲಿ ಹುರುಳಿಕಾಯಿ ಹೆಚ್ಚಿದ ಹಾಗಿರುತ್ತದೆ, ಅಷ್ಟು ಚೊಕ್ಕ. ಜಾಝ್‌ನ ಹೆಸರಾಂತ ಆಲ್ಟೊ ವಾದಕ ಚಾರ್ಲಿ ಪಾರ್ಕರ್ ಹಾಕಿಕೊಟ್ಟ ದಾರಿಯಲ್ಲಿ ಬೆಳೆದ ಕಿವಿ ಅದು. 2015ರಲ್ಲಿ ಪಾರ್ಕರ್ ಅವರನ್ನೇ ನೆನೆದು ‘ಬರ್ಡ್ ಕಾಲ್ಸ್’ ಎಂಬ ಆಲ್ಬಮ್ ಮಾಡಿದ್ದಾರೆ.

‘ಗಣೇಶ’ ಎಂಬ ರಚನೆಯನ್ನು ಹಾಕಿ, ಒಂದು ಸ್ವರ ಹುಟ್ಟುವ ಕ್ಷಣಕ್ಕೆ ಮಾತ್ರ ಕಿವಿ ಕೊಡಿ. ಐದು ನಿಮಿಷದೊಳಗೆ ನಿಮಗೂ ಮಾವನ ಧೈರ್ಯ ಬರುತ್ತದೆ.

ಶುದ್ಧಮಧ್ಯಮ

ಗುರುತಿಸುವುದೇನೋ ಆಯಿತು. ಗುರುತಿಸಿ ಆಗಬೇಕಾದ್ದೇನು ಎಂಬುದು ನನ್ನ ಪ್ರಶ್ನೆ. ಇಂಥ ಆಲ್ಬಮ್‌ಗಳಲ್ಲಿ ನಮ್ಮವರು ಒಂದಷ್ಟು ರಾಗ ಬಿಡಿಸುತ್ತಾರೆ, ಅವರು ಒಂದಷ್ಟು ಓಡುತ್ತಾರೆ, ಕೊನೆಗೆ ಇಬ್ಬರೂ ಒಂದೇ ಪಂಕ್ತಿಯನ್ನು ಒಟ್ಟಿಗೆ ನುಡಿಸಿ ಎದ್ದು ಹೋಗುತ್ತಾರೆ. ನಡುನಡುವೆ ಬರುವ ಪುಟ್ಟ ಭಾಗಗಳಿಗೆ ಇಟ್ಟ ಹೆಸರು ‘ಆಲಾಪ’. ಕರ್ನಾಟಕ ಸಂಗೀತದವರನ್ನು ಕೂರಿಸಿಕೊಂಡು ಹಿಂದುಸ್ತಾನಿಯವರ ಮಾತು ಏಕೆ? ನಮ್ಮಲ್ಲಿ ಅದು ಆಲಾಪನೆ. ಅಕ್ಷರ ಒಂದೇ ಕಡಿಮೆ, ವ್ಯತ್ಯಾಸ ಒಂದೂರು.

ನೇತ್ರಾವತಿದಂಡೆ

ಶುದ್ಧಮಧ್ಯಮ ಅವರೇ, ಜಗಳ ಆಮೇಲೆ ಆಡೋಣ. ಕದ್ರಿಯವರ ಸ್ವರ ಹೀಗೇಕೆ ಜಾರುತ್ತದೆ ಎಂಬುದಕ್ಕೆ ನಮ್ಮ ಊರಿನ ಕಡೆಯ ಉತ್ತರ ಒಂದಿದೆ.

ಅವರು ಹುಟ್ಟಿದ್ದು 1949ರಲ್ಲಿ, ಬಂಟ್ವಾಳ ತಾಲ್ಲೂಕಿನ ಸಜಿಪದಲ್ಲಿ. ತಂದೆ ತನಿಯಪ್ಪನವರು ನಾಗಸ್ವರ ವಿದ್ವಾಂಸರು. ಹುಡುಗ ಮೊದಲು ಹಿಡಿದದ್ದೂ ನಾಗಸ್ವರವನ್ನೇ. ಮೈಸೂರು ಅರಮನೆಯ ಬ್ಯಾಂಡ್‌ನಲ್ಲಿ ಸ್ಯಾಕ್ಸೊಫೋನನ್ನು ಕಂಡು ಮರುಳಾದದ್ದು ಆಮೇಲಿನ ಮಾತು. ಮಂಗಳೂರಿನ ಕಲಾನಿಕೇತನದಲ್ಲಿ ಗೋಪಾಲಕೃಷ್ಣ ಅಯ್ಯರ್ ಅವರ ಬಳಿ, ಅನಂತರ ಮದರಾಸಿನಲ್ಲಿ ಟಿ. ವಿ. ಗೋಪಾಲಕೃಷ್ಣನ್ ಅವರ ಬಳಿ ಕಲಿತರು. ಆದ್ದರಿಂದ ಆ ಹಿತ್ತಾಳೆಯೊಳಗೆ ಮೊದಲಿನಿಂದಲೂ ಒಂದು ನಾಗಸ್ವರ ಕೂತಿದೆ. ಅವರ ದೀರ್ಘ ಷಡ್ಜ ಕೇಳಿದರೆ ನನಗೆ ದೇವಸ್ಥಾನದ ಅಂಗಳದ ಬೆಳಗಿನ ಜಾವ ನೆನಪಾಗುತ್ತದೆಯೇ ಹೊರತು ಜಾಝ್ ಕ್ಲಬ್ ಅಲ್ಲ.

ಘಟ್ಟದ ಮೇಲಿನವರಿಗೆ ಇದು ವಿಚಿತ್ರವೆನಿಸಬಹುದು. ನಮ್ಮಲ್ಲಿ ಮದುವೆಗೆ, ದೇವರ ಬಲಿ ಉತ್ಸವಕ್ಕೆ, ಭೂತಾರಾಧನೆಯ ನೇಮಕ್ಕೆ ಸ್ಯಾಕ್ಸೊಫೋನ್ ಬರುವುದು ಈಗ ತೀರಾ ಸಾಮಾನ್ಯ. ಹೋದ ವರ್ಷ ನನ್ನ ಅಕ್ಕನ ಮಗಳ ಮದುವೆಯಲ್ಲಿ ವಾದ್ಯದವರ ಪಕ್ಕದಲ್ಲೇ ನನ್ನ ಕುರ್ಚಿ. ಹಿರಿಯ ವಾದಕರು ರೀಡನ್ನು ಒಂದು ಸ್ಟೀಲ್ ಲೋಟದ ನೀರಿನಲ್ಲಿ ಅದ್ದಿಟ್ಟಿದ್ದರು. ಪುರೋಹಿತರು ಕೈ ಎತ್ತಿದ್ದೇ ತಡ, ಲೋಟದಿಂದ ತೆಗೆದು, ಪಂಚೆಯ ಅಂಚಿನಲ್ಲಿ ಒರೆಸಿ, ಸಿಕ್ಕಿಸಿ, ಡೋಲಿನವನ ಕಡೆ ಹುಬ್ಬು ಹಾರಿಸಿ ಗಟ್ಟಿಮೇಳಕ್ಕೆ ಶುರುಮಾಡಿದರು. ನಾಲ್ಕು ಸೆಕೆಂಡಿನ ಕೆಲಸ. ಆ ಲೋಟದಲ್ಲಿ ಯಾರೋ ಹುಡುಗ ಪಾನಕ ಸುರಿಯಲು ಹೋಗಿ ಬೈಸಿಕೊಂಡದ್ದೂ ಆಯಿತು.

ಈ ಊರಿನ ಮಕ್ಕಳನ್ನು ಕೇಳಿದರೆ ಸ್ಯಾಕ್ಸೊಫೋನ್ ನಮ್ಮದೇ ವಾದ್ಯ ಎಂದಾರು. 1846ರಲ್ಲಿ ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ ಪ್ಯಾರಿಸ್ಸಿನಲ್ಲಿ ಅದಕ್ಕೆ ಹಕ್ಕುಪತ್ರ ಪಡೆದ ಕಥೆ ಅವರಿಗೆ ಬೇಕಿಲ್ಲ.

ರೀಡ್_ಎರಡೂವರೆ

ನಾನು ಹನ್ನೊಂದು ವರ್ಷದಿಂದ ಆಲ್ಟೊ ಊದುವವನು, ಮೇಲಿನ ಎಲ್ಲ ಮಾತನ್ನೂ ಒಪ್ಪುವವನು. ಆದರೆ ‘ಜಾರುತ್ತದೆ’ ಎಂದು ಸುಲಭವಾಗಿ ಹೇಳಿಬಿಟ್ಟಿರಿ. ಅದೆಷ್ಟು ಕಷ್ಟ ಎಂದು ನನ್ನ ದವಡೆಯನ್ನು ಕೇಳಿ.

ಕೊಳಲಿನಲ್ಲಿ, ನಾಗಸ್ವರದಲ್ಲಿ ರಂಧ್ರದ ಮೇಲೆ ನೇರವಾಗಿ ಬೆರಳಿರುತ್ತದೆ. ಅರ್ಧ ಮುಚ್ಚಬಹುದು, ಕಾಲು ಮುಚ್ಚಬಹುದು, ಬೆರಳನ್ನು ಮೆಲ್ಲಗೆ ಸರಿಸಬಹುದು. ಸ್ವರವನ್ನು ತೂಗುವ, ಜಾರಿಸುವ ಗಮಕ ಅಲ್ಲೇ ಹುಟ್ಟುತ್ತದೆ. ಸ್ಯಾಕ್ಸೊಫೋನಿನಲ್ಲಿ ಬೆರಳಿಗೂ ರಂಧ್ರಕ್ಕೂ ಭೇಟಿಯೇ ಇಲ್ಲ. ನಡುವೆ ಕೀಲಿ, ಸರಳು, ಸ್ಪ್ರಿಂಗ್, ಕೊನೆಯಲ್ಲಿ ಪ್ಯಾಡ್. ಒತ್ತಿದರೆ ಮುಚ್ಚಿತು, ಬಿಟ್ಟರೆ ತೆರೆಯಿತು. ಆ ಯಂತ್ರವನ್ನು ಮಾಡಿದ್ದೇ ಸ್ವರಗಳು ಒಂದರಿಂದೊಂದು ಬೇರೆಯಾಗಿ, ಸ್ಪಷ್ಟವಾಗಿ ನಿಲ್ಲಲಿ ಎಂದು. ನಮಗೆ ಬೇಕಾದದ್ದು ಅದಕ್ಕೆ ತದ್ವಿರುದ್ಧ. ಕದ್ರಿಯವರು ವಾದ್ಯದ ಕೀಲಿ, ಪ್ಯಾಡುಗಳಲ್ಲಿ ತಮಗೆ ಬೇಕಾದಂತೆ ಮಾರ್ಪಾಡು ಮಾಡಿಕೊಂಡದ್ದು ಇದಕ್ಕಾಗಿಯೇ. ಉಳಿದ ಕೆಲಸವನ್ನೆಲ್ಲ ತುಟಿ, ದವಡೆ, ಗಂಟಲು ಮಾಡಬೇಕು. ಕೆಳದವಡೆಯನ್ನು ಒಂದಿಷ್ಟೇ ಸಡಿಲಿಸಿದರೆ ಸ್ವರ ಕೆಳಕ್ಕೆ ಇಳಿಯುತ್ತದೆ. ಹೆಚ್ಚು ಸಡಿಲಿಸಿದರೆ ಬಾತುಕೋಳಿ ಕೂಗುತ್ತದೆ. ಆ ಎರಡರ ನಡುವಿನ ಕೂದಲೆಳೆಯಲ್ಲಿ ತೋಡಿ ರಾಗದ ಗಾಂಧಾರವನ್ನು ತೂಗಬೇಕು. ನಾನು ಪ್ರಯತ್ನಿಸಿದ ದಿನ ಪಕ್ಕದ ಮನೆಯವರು ನಾಯಿಗೆ ಏನಾಯಿತೆಂದು ವಿಚಾರಿಸಿದರು. ನಮ್ಮಲ್ಲಿ ನಾಯಿ ಇಲ್ಲ.

ಜಾಝ್‌ನವರಿಗೆ ಜಾರುವುದು ಗೊತ್ತಿಲ್ಲ ಎಂದುಕೊಳ್ಳಬೇಡಿ. ಡ್ಯೂಕ್ ಎಲಿಂಗ್ಟನ್ ತಂಡದ ಜಾನಿ ಹಾಜಸ್ ಇದ್ದರಲ್ಲ, ಅವರ ಆಲ್ಟೊ ಜೇನಿನ ಹಾಗೆ ಇಳಿಯುತ್ತಿತ್ತು. ಆ ತಂಡ 1963ರಲ್ಲಿ ಭಾರತಕ್ಕೂ ಬಂದಿತ್ತು, ಆ ಪ್ರವಾಸದ ನೆನಪಿಗೆ ಮಾಡಿದ ‘ಫಾರ್ ಈಸ್ಟ್ ಸ್ವೀಟ್’ನಲ್ಲಿ ‘ಇಸ್ಫಹಾನ್’ ಎಂಬುದೊಂದಿದೆ. ಕೇಳಿ ನೋಡಿ. ಆದರೆ ಹಾಜಸ್ ಜಾರುವುದು ಅಲಂಕಾರಕ್ಕೆ, ಒಂದು ಸ್ವರದ ಮನೆಗೆ ಚೆಂದವಾಗಿ ಪ್ರವೇಶ ಮಾಡುವುದಕ್ಕೆ. ಕದ್ರಿಯವರಲ್ಲಿ ಆ ಜಾರುವಿಕೆಯೇ ಮನೆ. ಅದನ್ನು ತೆಗೆದರೆ ರಾಗವೇ ಇಲ್ಲ.

ಸಂಜೆಮಲ್ಲಿಗೆ

ರೀಡ್ ಎರಡೂವರೆ ಅವರೇ, ನಾಯಿಯ ಮಾತು ಓದಿ ಒಲೆಯ ಮೇಲಿನ ಹಾಲು ಉಕ್ಕಿತು.

ಚೌಕಕಾಲ ಅವರು ಹೇಳಿದಂತೆ ‘ಗಣೇಶ’ ಕೇಳಿದೆ. ಹೌದು, ಗೊತ್ತಾಗುತ್ತದೆ! ಒಬ್ಬರು ಬರುವುದು ಬಾಗಿಲು ತಟ್ಟಿ, ಇನ್ನೊಬ್ಬರು ಹಿತ್ತಲಿನಿಂದ. ಆದರೆ ಇಬ್ಬರೂ ಒಟ್ಟಿಗೆ ನುಡಿಸುವಾಗ ಕಲಸಿಹೋಗುತ್ತದೆ.

ಎಡಿಸನ್_ಅಮ್ಮ

ನಾನು ನ್ಯೂಜೆರ್ಸಿಯವಳು, ಊರು ಹಾಸನದ ಕಡೆ. ರುದ್ರೇಶ್ ಬಗ್ಗೆ ಯಾರೂ ಹೆಚ್ಚು ಹೇಳದ ಕಾರಣ ಬರೆಯುತ್ತಿದ್ದೇನೆ.

ಮಹಾಂತಪ್ಪ ಎಂಬ ಹೆಸರು ಕಂಡೊಡನೆ ನಮಗೆ ದಾವಣಗೆರೆಯೋ ಚಿತ್ರದುರ್ಗವೋ ಎಂದು ಕೇಳುವ ಚಪಲ. ಅವರು ಹುಟ್ಟಿದ್ದು 1971ರಲ್ಲಿ ಇಟಲಿಯ ಟ್ರಿಯೆಸ್ಟ್‌ನಲ್ಲಿ, ಬೆಳೆದದ್ದು ಅಮೆರಿಕದ ಕೊಲರಾಡೊ ರಾಜ್ಯದ ಬೋಲ್ಡರ್‌ನಲ್ಲಿ. ತಂದೆ ಅಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಮೂಲ ಮಾತ್ರ ಕರ್ನಾಟಕದ್ದೇ. ಕರ್ನಾಟಕ ಸಂಗೀತವನ್ನು ಚಿಕ್ಕಂದಿನಲ್ಲಿ ಕಲಿತವರಲ್ಲ. ಶಾಲೆಯ ಬ್ಯಾಂಡ್, ಪಾರ್ಕರ್, ಆಮೇಲೆ ಬಾಸ್ಟನ್ನಿನ ಬರ್ಕ್ಲಿ ಸಂಗೀತ ಕಾಲೇಜು, ಇದು ಅವರ ದಾರಿ. ಬರ್ಕ್ಲಿಯಲ್ಲಿದ್ದಾಗ ಅಣ್ಣ ತಮಾಷೆಗೆಂದು ಒಂದು ರೆಕಾರ್ಡ್ ಕೊಟ್ಟರಂತೆ, ‘ಸ್ಯಾಕ್ಸೊಫೋನ್ ಇಂಡಿಯನ್ ಸ್ಟೈಲ್’. ನುಡಿಸಿದವರು ಕದ್ರಿ ಗೋಪಾಲನಾಥ್. ತಮಾಷೆಗೆ ಕೊಟ್ಟದ್ದು ತಮ್ಮನನ್ನು ಬಿಡಲಿಲ್ಲ.

ಇಲ್ಲಿ ಭಾರತೀಯ ಹೆಸರಿನವರು ವೇದಿಕೆಗೆ ಬಂದರೆ ತಬಲಾ, ಸಿತಾರ್, ಯೋಗ ಎಲ್ಲವೂ ರಕ್ತದಲ್ಲೇ ಬಂದಿರುತ್ತದೆ ಎಂದು ಜನ ನಂಬುತ್ತಾರೆ. ನನ್ನ ಮಗನನ್ನು ಅವನ ಶಾಲೆಯಲ್ಲಿ ಒಬ್ಬರು “ನೀನು ಮನೆಯಲ್ಲಿ ಇಂಡಿಯನ್ ಮಾತನಾಡುತ್ತೀಯಾ?” ಎಂದು ಕೇಳಿದ್ದರು. ಅವನು ಹೌದು ಎಂದು ತಲೆಯಾಡಿಸಿ ಬಂದ. ರಾತ್ರಿ ಊಟದ ಹೊತ್ತಿನಲ್ಲಿ “ಅಮ್ಮಾ, ನಾವು ಇಂಡಿಯನ್ ಮಾತನಾಡುತ್ತೇವಾ, ಕನ್ನಡ ಮಾತನಾಡುತ್ತೇವಾ?” ಎಂದು ಕೇಳಿದ. ಇದೇ ಪ್ರಶ್ನೆಯನ್ನು ಹಿಡಿದು ರುದ್ರೇಶ್ 2004ರಲ್ಲಿ ‘ಮದರ್ ಟಂಗ್’ ಎಂಬ ಆಲ್ಬಮ್ ಮಾಡಿದ್ದಾರೆ. ‘ನೀವು ಇಂಡಿಯನ್ ಮಾತನಾಡುತ್ತೀರಾ’ ಎಂಬುದಕ್ಕೆ ಇಲ್ಲಿನ ಭಾರತೀಯರು ತಂತಮ್ಮ ಭಾಷೆಯಲ್ಲಿ ಕೊಟ್ಟ ಉತ್ತರಗಳ ಏರಿಳಿತವನ್ನು ಸ್ವರಕ್ಕಿಳಿಸಿ, ಅದರಿಂದ ರಚನೆಗಳನ್ನು ಕಟ್ಟಿದರು. ಗುಜರಾತಿ, ಕೊಂಕಣಿ, ತಮಿಳು, ಮಲಯಾಳಂ ಎಲ್ಲಕ್ಕೂ ಒಂದೊಂದು. ಅದರಲ್ಲೊಂದರ ಹೆಸರು ‘ಕನ್ನಡ’. ಕಾರಿನಲ್ಲಿ ಹಾಕಿ ಮಗನಿಗೆ ಕೇಳಿಸಿದೆ. “ಅಜ್ಜಿ ಫೋನಿನಲ್ಲಿ ಮಾತನಾಡಿದ ಹಾಗಿದೆ” ಎಂದ. ಅವನ ಅಜ್ಜಿ ಸಕಲೇಶಪುರದವರು, ಅಷ್ಟು ವೇಗವಾಗಿ ಮಾತನಾಡುವವರಲ್ಲ. ಆದರೂ ಆ ಮಾತು ಎಲ್ಲೋ ನಾಟಿತು.

ಆದ್ದರಿಂದ ‘ಕಿನ್ಸ್‌ಮೆನ್’ ಎಂಬ ಹೆಸರನ್ನು, ಅಂದರೆ ಬಂಧುಗಳು, ದಾಯಾದಿಗಳು ಎಂಬುದನ್ನು, ಸುಮ್ಮನೆ ಅಲಂಕಾರಕ್ಕೆ ಇಟ್ಟದ್ದೆಂದು ನನಗೆ ಅನ್ನಿಸುವುದಿಲ್ಲ. ನ್ಯೂಯಾರ್ಕಿನ ಏಷ್ಯಾ ಸೊಸೈಟಿ ಇದಕ್ಕೆ ಬೆಂಬಲ ಕೊಟ್ಟಿತ್ತು. 2007ರಲ್ಲಿ ರುದ್ರೇಶ್‌ಗೆ ಗುಗೆನ್‌ಹೈಮ್ ಫೆಲೋಶಿಪ್ ಸಿಕ್ಕಿತು. ಇದರ ನಂತರವೂ ಅವರು ಈ ದಾರಿ ಬಿಟ್ಟಿಲ್ಲ: 2011ರಲ್ಲಿ ‘ಸಂಧಿ’, 2013ರಲ್ಲಿ ‘ಗಮಕ್’ ಬಂದವು.

ನಿರ್ವಾಹಕ

ಸಣ್ಣ ಮನವಿ. ಆಲ್ಬಮ್‌ನ ಕದ್ದ ಕಡತಗಳ ಕೊಂಡಿ ಹಾಕಬೇಡಿ. ಎರಡು ಉತ್ತರಗಳನ್ನು ತೆಗೆದಿದ್ದೇನೆ. ಚರ್ಚೆ ಮುಂದುವರಿಯಲಿ.

ಲಯವಿದ್ಯಾರ್ಥಿನಿ

ಸ್ಯಾಕ್ಸೊಫೋನ್‌ಗಳನ್ನು ಬಿಟ್ಟು ಸ್ವಲ್ಪ ಹಿಂದಿನ ಸಾಲಿನವರನ್ನೂ ನೋಡಿ. ನಾನು ಮೃದಂಗ ಕಲಿಯುತ್ತಿರುವವಳು, ಆದ್ದರಿಂದ ಪಕ್ಷಪಾತ ಇದೆ.

ಮೃದಂಗ ಪೂವಲೂರು ಶ್ರೀಜಿ, ಡ್ರಮ್ಸ್ ರಾಯಲ್ ಹಾರ್ಟಿಗನ್, ಬಾಸ್ ಕಾರ್ಲೊ ಡಿ ರೋಸಾ, ಗಿಟಾರ್ ರೆಜ್ ಅಬ್ಬಾಸಿ. ಅಬ್ಬಾಸಿ ಕರಾಚಿಯಲ್ಲಿ ಹುಟ್ಟಿ ಕ್ಯಾಲಿಫೋರ್ನಿಯಾದಲ್ಲಿ ಬೆಳೆದವರು. ಹಾರ್ಟಿಗನ್ ಆಫ್ರಿಕಾದ, ಏಷ್ಯಾದ ತಾಳವಾದ್ಯಗಳನ್ನು ಅಭ್ಯಾಸ ಮಾಡಿದವರು. ಇಲ್ಲದಿದ್ದರೆ ಈ ಜೋಡಿ ನಿಲ್ಲುತ್ತಿರಲಿಲ್ಲ. ಡ್ರಮ್ಸ್ ಜೋರಾಗಿ ನುಡಿದರೆ ಮೃದಂಗ ಮುಳುಗುತ್ತದೆ. ಆ ಸಿಂಬಲ್‌ನ ಝೇಂಕಾರವೊಂದು ಸಾಕು, ಮೃದಂಗದ ಬಲಗಡೆಯ ಚಾಪು ಎಂಬ ಏಟು ಕೇಳಿಸದೆ ಹೋಗಲು.

ನನಗೆ ತುಂಬ ಹಿಡಿಸಿದ್ದು ಎರಡೂ ಕಡೆಯವರ ‘ಮನೆಗೆ ಬರುವ’ ರೀತಿ ಒಂದರ ಪಕ್ಕದಲ್ಲಿ ಒಂದು ಇರುವುದು. ನಾವು ಒಂದು ಸೊಲ್ಲುಕಟ್ಟನ್ನು, ಅಂದರೆ ತಾಳದ ಸೊಲ್ಲುಗಳ ಗುಚ್ಛವನ್ನು, ಮೂರು ಸಲ ಹೇಳಿ ತಾಳದ ಮೊದಲ ಏಟಾದ ಸಮದ ಮೇಲೆ ಬಂದು ಬೀಳುತ್ತೇವೆ. ಎರಡನೆಯ ಸಲ ಹೇಳುವಾಗಲೇ ಸಭೆಯಲ್ಲಿ ಕೂತವರ ಕೈ ತೊಡೆಯ ಮೇಲೆ ಸಿದ್ಧವಾಗಿರುತ್ತದೆ. ಜಾಝ್‌ನವರು ಹಾಗೆ ಸಾರಿ ಬರುವುದಿಲ್ಲ. ಹನ್ನೆರಡೋ ಮೂವತ್ತೆರಡೋ ಮಾತ್ರೆಗಟ್ಟುಗಳ (ಬಾರ್‌ಗಳ) ಸುತ್ತು ಮುಗಿದು ಮುಂದಿನದು ಶುರುವಾದದ್ದು ಒಮ್ಮೊಮ್ಮೆ ಗೊತ್ತೇ ಆಗುವುದಿಲ್ಲ. ಒತ್ತು ಬೀಳುವುದೂ ಎರಡನೆಯ, ನಾಲ್ಕನೆಯ ಏಟಿನ ಮೇಲೆ. ನಮ್ಮ ಗುರುಗಳ ಮುಂದೆ ಹಾಗೆ ತಾಳ ಹಾಕಿದರೆ ಮಣೆಯಿಂದ ಎಬ್ಬಿಸಿ ಕಳಿಸುತ್ತಾರೆ.

ಅದಿರಲಿ, ಎ. ಕನ್ಯಾಕುಮಾರಿ ಅವರ ಪಿಟೀಲಿನ ಬಗ್ಗೆ ಇಷ್ಟು ಹೊತ್ತಾದರೂ ಯಾರೂ ಒಂದು ಮಾತು ಬರೆದಿಲ್ಲವಲ್ಲ!

ಚೌಕಕಾಲ

ತಪ್ಪಾಯಿತು ತಾಯಿ. ನಿಜಕ್ಕೂ ತಪ್ಪು.

ಕನ್ಯಾಕುಮಾರಿ ಅವರು ಗಾಯಕಿ ಎಂ. ಎಲ್. ವಸಂತಕುಮಾರಿ ಅವರ ಶಿಷ್ಯೆ, ಕದ್ರಿಯವರ ಜೊತೆ ಎಷ್ಟೋ ಕಚೇರಿಗಳಲ್ಲಿ ಕೂತವರು. ಪಕ್ಕವಾದ್ಯದ ಪಿಟೀಲು ಮಾಡುವ ಕೆಲಸಕ್ಕೆ ಜಾಝ್‌ನಲ್ಲಿ ಹೆಸರಿಲ್ಲ. ಮುಖ್ಯ ವಾದಕ ರಾಗದ ಒಂದು ಸಂಚಾರ, ಅಂದರೆ ಒಂದು ಸ್ವರಪಂಕ್ತಿ, ಮುಗಿಸುವ ಮೊದಲೇ ಪಿಟೀಲು ಅದರ ನೆರಳನ್ನು ಹಿಡಿದಿರುತ್ತದೆ. ಅವನು ಉಸಿರು ತೆಗೆದುಕೊಳ್ಳುವ ಹೊತ್ತಿಗೆ ಆ ನೆರಳು ಅಲ್ಲೇ ಇನ್ನೂ ನಿಂತಿರುತ್ತದೆ. ಜಾಝ್‌ನಲ್ಲಿ ಒಬ್ಬ ನುಡಿಸುತ್ತಿರುವಾಗ ಇನ್ನೊಬ್ಬ ಅದನ್ನೇ ಹಿಂದಿನಿಂದ ನುಡಿಸಿದರೆ ಅಣಕಿಸಿದ ಹಾಗಾದೀತು. ಅಲ್ಲಿ ಸರದಿ ಮುಖ್ಯ: ನನ್ನದು ಮುಗಿಯಲಿ, ಆಮೇಲೆ ನಿನ್ನದು. ಈ ಆಲ್ಬಮ್‌ನಲ್ಲಿ ಕದ್ರಿಯವರ ಹಿಂದೆ ಪಿಟೀಲು ಬಂದಾಗ ನಮಗೆ ನಿರಾಳ ಎನಿಸುತ್ತದೆ. ಜಾಝ್ ಕೇಳುವ ಸ್ನೇಹಿತರೊಬ್ಬರಿಗೆ ಕೇಳಿಸಿದೆ. “ಆಕೆ ಏಕೆ ಅವನನ್ನು ಒಂಟಿಯಾಗಿ ಬಿಡುವುದಿಲ್ಲ?” ಎಂದರು.

ಇನ್ನೊಂದು. ‘ಕಲ್ಯಾಣಿ’ ಎಂಬ ರಚನೆ ಇದೆಯಲ್ಲ, ಅದನ್ನು ಪರೀಕ್ಷೆಯ ಪ್ರಶ್ನೆಪತ್ರಿಕೆಯ ಹಾಗೆ ಇಟ್ಟುಕೊಳ್ಳಬಹುದು. ಕಲ್ಯಾಣಿಯ ಏಳು ಸ್ವರಗಳು ಜಾಝ್‌ನವರ ಲಿಡಿಯನ್ ಶ್ರೇಣಿಯವೇ. 1953ರಲ್ಲಿ ಜಾಝ್ ರಚನಕಾರ ಜಾರ್ಜ್ ರಸೆಲ್ ಆ ಶ್ರೇಣಿಯ ಮೇಲೆಯೇ ಒಂದು ಸಿದ್ಧಾಂತ ಕಟ್ಟಿದರು. ಕಾಗದದ ಮೇಲೆ ಬರೆದರೆ ಎರಡಕ್ಕೂ ವ್ಯತ್ಯಾಸವಿಲ್ಲ. ಆದರೆ ಲಿಡಿಯನ್‌ನಲ್ಲಿ ನಾಲ್ಕನೆಯ ಸ್ವರವಾದ ಮಧ್ಯಮ ಒಂದು ಬಣ್ಣದ ಕಿಟಕಿಯಂತೆ ನಿಂತಿರುತ್ತದೆ, ಕೆಳಗಿನ ಕಾರ್ಡ್, ಅಂದರೆ ಒಟ್ಟಿಗೆ ನುಡಿಸುವ ಸ್ವರಗುಚ್ಛ, ಬದಲಾದರೆ ಅದರ ಬೆಳಕೂ ಬದಲಾಗುತ್ತದೆ. ಕಲ್ಯಾಣಿಯಲ್ಲಿ ಕೆಳಗೆ ಬದಲಾಗುವಂಥದ್ದು ಏನೂ ಇಲ್ಲ. ಷಡ್ಜ ಕದಲದೆ ಕೂತಿರುತ್ತದೆ, ಗಾಂಧಾರ, ಧೈವತ, ನಿಷಾದಗಳೇ ಓಲಾಡಬೇಕು. ಷಡ್ಜ ಪಂಚಮಗಳನ್ನು ತುಳಿಯದೆ ದಾಟಿ ಹೋಗುವ ಸಂಚಾರ ಕೇಳಿಸಿದರೆ, ಅದು ಕದ್ರಿಯವರದೇ, ಯಾರೆಂದು ಕೇಳಬೇಕಾಗಿಲ್ಲ.

ಶುದ್ಧಮಧ್ಯಮ

ನೋಡಿ, ನೀವೇ ಹೇಳಿದಿರಿ. ಕಾಗದದ ಮೇಲೆ ಒಂದೇ, ಕಿವಿಯಲ್ಲಿ ಬೇರೆ. ಹಾಗಾದರೆ ಇಬ್ಬರೂ ಒಂದೇ ಕೋಣೆಯಲ್ಲಿ ಎರಡು ಸಂಗೀತ ನುಡಿಸುತ್ತಿದ್ದಾರೆ. ನಾನು ಮೊದಲೇ ಅದನ್ನೇ ಅಂದದ್ದು.

ನಿವೃತ್ತ_ಮೇಷ್ಟ್ರು

ಎಡಿಸನ್ನಿನ ತಾಯಿ ಈ ಕಲಾವಿದರ ಒಂದು ಆಲ್ಬಮ್‌ನ ಹೆಸರು ‘ಸಂಧಿ’ ಎಂದು ಬರೆದರು. ಮೂವತ್ತೊಂದು ವರ್ಷ ಎಂಟನೆಯ ತರಗತಿಗೆ ಸಂಧಿ ಪಾಠ ಮಾಡಿದವನಿಗೆ ಸುಮ್ಮನಿರಲು ಆಗಲಿಲ್ಲ. ಸಂಗೀತ ನನಗೆ ಅಷ್ಟಕ್ಕಷ್ಟೆ. ಆದರೆ ವ್ಯಾಕರಣದಲ್ಲೂ ಸಂಗೀತದಲ್ಲೂ ‘ಸ್ವರ’ ಎಂಬ ಮಾತು ಒಂದೇ ತಾನೆ? ಎರಡು ಸ್ವರ ಎದುರುಬದುರಾದರೆ ಏನಾಗುತ್ತದೆ ಎಂಬುದು ನಮ್ಮ ಪಾಠದ ಮೊದಲ ಪ್ರಶ್ನೆ.

ಊರು, ಅಲ್ಲಿ ಸೇರಿದರೆ ಊರಲ್ಲಿ: ಒಂದು ಸ್ವರ ಜಾಗ ಬಿಟ್ಟು ಹೋಯಿತು, ಲೋಪ. ಮನೆ, ಅಲ್ಲಿ ಸೇರಿದರೆ ಮನೆಯಲ್ಲಿ: ಯಾರೂ ಕರೆಯದ ಯಕಾರ ನಡುವೆ ಬಂದು ಕೂತಿತು, ಆಗಮ. ಮಳೆ, ಕಾಲ ಸೇರಿದರೆ ಮಳೆಗಾಲ: ಕಕಾರ ಹೋಗಿ ಗಕಾರ ಬಂತು, ಆದೇಶ.

ನಿಮ್ಮ ಈ ‘ಕಿನ್ಸ್‌ಮೆನ್’ನಲ್ಲಿ ಆಗಿರುವುದು ಯಾವುದು? ನಾನು ಕೇಳುವವನು ಮಾತ್ರ, ಉತ್ತರ ನೀವು ಬರೆಯಬೇಕು. ಎರಡು ಅಂಕ.

ರೀಡ್_ಎರಡೂವರೆ

ಮೇಷ್ಟ್ರೇ, ನನ್ನ ಉತ್ತರ ಲೋಪ. ಲೋಪವಾದದ್ದು ಪಿಯಾನೊ. ಜಾಝ್ ತಂಡದಲ್ಲಿ ಅದು ದೊಡ್ಡಣ್ಣನ ಸ್ಥಾನದಲ್ಲಿರುವ ವಾದ್ಯ. ಇಲ್ಲಿ ಇಲ್ಲವೇ ಇಲ್ಲ. ಅದರ ಒಂದೊಂದು ಮನೆಗೂ ಸ್ವರ ನಿಗದಿಯಾಗಿರುತ್ತದೆ, ಕಾರ್ಡುಗಳೆಂದರೆ ಗೋಡೆ. ಕದ್ರಿಯವರ ಗಾಂಧಾರ ತೂಗಾಡುವಾಗ ಕೆಳಗೆ ಪಿಯಾನೊ ಒಂದು ನಿಂತ ಗಾಂಧಾರ ಹಿಡಿದಿದ್ದರೆ ಹಲ್ಲಿಗೆ ಕಲ್ಲು ಸಿಕ್ಕ ಹಾಗೆ. ಗಿಟಾರ್ ಬೇಕಾದಷ್ಟೇ ಸ್ವರ ಮುಟ್ಟಿ ಸುಮ್ಮನಾಗಬಲ್ಲದು, ತಂತಿಯನ್ನು ಎಳೆದು ಬಗ್ಗಿಸಲೂ ಬಲ್ಲದು.

ಲಯವಿದ್ಯಾರ್ಥಿನಿ

ಆಗಮ. ಕನ್ಯಾಕುಮಾರಿ ಅವರ ಪಿಟೀಲು ಆ ಯಕಾರ. ಎರಡು ಆಲ್ಟೊಗಳ ನಡುವೆ ಅದು ಇಲ್ಲದಿದ್ದರೆ ಉಚ್ಚರಿಸಲು ಆಗುತ್ತಿರಲಿಲ್ಲ.

ನೇತ್ರಾವತಿದಂಡೆ

ಆದೇಶ ಎನ್ನಬೇಕು ಎಂದಿದ್ದೆ, ಆದರೆ ಕದ್ರಿಯವರು ಯಾರ ಆದೇಶವನ್ನೂ ಪಾಲಿಸಿದ ಹಾಗೆ ಕೇಳಿಸುವುದಿಲ್ಲ. 1980ರಲ್ಲಿ ಮುಂಬೈಯ ಜಾಝ್ ಉತ್ಸವದಲ್ಲಿ ಅಮೆರಿಕದ ಜಾಝ್ ಸ್ಯಾಕ್ಸೊಫೋನ್ ವಾದಕ ಜಾನ್ ಹ್ಯಾಂಡಿ ಇವರ ವಾದನ ಕೇಳಿ, ತಾವೂ ಜೊತೆಗೆ ನುಡಿಸುತ್ತೇನೆಂದು ವೇದಿಕೆಗೆ ಬಂದರು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಬಿಬಿಸಿಯ ಪ್ರೊಮೆನೇಡ್ ಕಚೇರಿ ಮಾಡಿದರು. ಅದೇ ವರ್ಷ ‘ಡ್ಯುಯೆಟ್’ ಸಿನಿಮಾದಲ್ಲಿ ಎ. ಆರ್. ರೆಹಮಾನ್‌ಗೂ ನುಡಿಸಿದರು. ಎಲ್ಲಿ ಹೋದರೂ ಚಕ್ಕಳಮಕ್ಕಳ ಹಾಕಿ, ಕಣ್ಣು ಕೋರೈಸುವ ಜುಬ್ಬಾ ತೊಟ್ಟು, ಕೂತದ್ದು ಕೂತ ಹಾಗೆ. ‘ಕಿನ್ಸ್‌ಮೆನ್’ನಲ್ಲೂ ಅಷ್ಟೆ. ಜಾಗ ಬದಲಿಸಿಕೊಂಡು ಹತ್ತಿರ ಬಂದದ್ದು ರುದ್ರೇಶ್.

ಶುದ್ಧಮಧ್ಯಮ

ಮೇಷ್ಟ್ರು ಒಂದನ್ನು ಬೇಕೆಂದೇ ಬಿಟ್ಟಿದ್ದಾರೆ. ಎರಡು ಅಂಕ ನನಗೇ ಬರಲಿ: ಇದು ಪ್ರಕೃತಿಭಾವ. ‘ಅಕ್ಕಾ ಇತ್ತ ಬಾ’ ಎನ್ನುವಾಗ ಆಕಾರದ ಎದುರಿಗೆ ಇಕಾರ ಬಂದು ನಿಂತರೂ ಯಾವ ಸಂಧಿಯೂ ಆಗುವುದಿಲ್ಲ. ಎರಡೂ ತಂತಮ್ಮ ಪಾಡಿಗೆ ಇರುತ್ತವೆ. ನನ್ನ ಆಕ್ಷೇಪಣೆ ಇದೇ. ಸಂಧಿ ಎಂದು ಬೋರ್ಡು ಹಾಕಿ ಒಳಗೆ ಪ್ರಕೃತಿಭಾವ ಮಾರುತ್ತಿದ್ದಾರೆ.

ನಿವೃತ್ತ_ಮೇಷ್ಟ್ರು

ಬೇಕೆಂದೇ ಬಿಟ್ಟದ್ದು ನಿಜ. ಪೂರ್ಣಾಂಕ.

ಚೌಕಕಾಲ

ಶುದ್ಧಮಧ್ಯಮ ಅವರು ಬೈಗುಳವಾಗಿ ಆಡಿದ ಮಾತನ್ನು ನಾನು ಹೊಗಳಿಕೆಯಾಗಿ ಎತ್ತಿಕೊಳ್ಳುತ್ತೇನೆ. ಇಷ್ಟಕ್ಕೂ ಸಂಜೆಮಲ್ಲಿಗೆ ಅವರು ಕೇಳಿದ್ದು ಇಬ್ಬರನ್ನು ಬೇರೆಬೇರೆಯಾಗಿ ಗುರುತಿಸುವುದು ಹೇಗೆ ಎಂದು. ಗುರುತಿಸಲು ಆಗುತ್ತಿದೆ ಎಂಬುದೇ ಈ ಆಲ್ಬಮ್ ನನಗೆ ಹಿಡಿಸಿದ ಕಾರಣ. ಕಲಸುಮೇಲೋಗರದ ಸಮ್ಮಿಲನಗಳನ್ನು ಬೇಕಾದಷ್ಟು ಕೇಳಿದ್ದೇನೆ. ಅಲ್ಲಿ ತಂಬೂರಿ ಮಂಜಿನ ಹಾಗೆ ಹರಡಿರುತ್ತದೆ, ಯಾರು ಏನು ನುಡಿಸಿದರೂ ನಡೆಯುತ್ತದೆ. ಇಲ್ಲಿ ಹಾಗೆ ಬಿಟ್ಟಿಲ್ಲ. ‘ಅಕ್ಕಾ’ ಎಂದು ದೀರ್ಘ ಎಳೆಯುವುದು ಕರೆಯುವುದಕ್ಕಲ್ಲವೇ ಸ್ವಾಮಿ? ಕರೆಯುವಾಗ ಸಂಧಿ ಮಾಡಿದರೆ ಯಾರನ್ನು ಕರೆದರೆಂದೇ ತಿಳಿಯದು.

ನೀವು ಒಪ್ಪದ ಒಂದು ಭಾಗವನ್ನು ನಾನೂ ಒಪ್ಪುವುದಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಕೆಲವು ಕಡೆ ಒಟ್ಟು ನುಡಿಸುವ ಪಂಕ್ತಿ ಅತಿ ಚತುರವಾಗಿದೆ. ಲೆಕ್ಕ ಸರಿಹೋದ ಖುಷಿ ಕಾಣುತ್ತದೆ, ರಾಗಕ್ಕೆ ಉಸಿರಾಡಲು ಪುರುಸೊತ್ತಿಲ್ಲ.

ಶುದ್ಧಮಧ್ಯಮ

ಅಷ್ಟು ಒಪ್ಪಿದಿರಲ್ಲ, ಸಾಕು. ಇವತ್ತು ರಾತ್ರಿ ‘ಲಾಂಗಿಂಗ್’ ಒಂದನ್ನು ಮತ್ತೆ ಕೇಳುತ್ತೇನೆ. ಅದರ ಮೇಲೆ ನನ್ನ ತಕರಾರು ಸ್ವಲ್ಪ ಕಡಿಮೆ ಇತ್ತು.

ಎಡಿಸನ್_ಅಮ್ಮ

ಕದ್ರಿಯವರು 2019ರ ಅಕ್ಟೋಬರ್ 11ರಂದು ತೀರಿಕೊಂಡ ಸುದ್ದಿ ಬಂದ ದಿನ ನಾನು ರೈಲಿನಲ್ಲಿದ್ದೆ. ಮೊಬೈಲಿನಲ್ಲಿ ಅವರದೇ ಕಚೇರಿ ಹುಡುಕದೆ, ಏಕೋ ಇದೇ ಆಲ್ಬಮ್ ಹಾಕಿಕೊಂಡೆ. ಕೊನೆಯ ‘ಕನ್ವರ್ಜೆನ್ಸ್’ ಮುಗಿಯುವ ಮೊದಲೇ ನನ್ನ ನಿಲ್ದಾಣ ಬಂತು. ಇಳಿಯದೆ ಮುಂದಿನದಕ್ಕೆ ಹೋಗಿ ವಾಪಸು ಬಂದೆ.

ಸಂಜೆಮಲ್ಲಿಗೆ

ಎಲ್ಲರಿಗೂ ಧನ್ಯವಾದ. ಪರೀಕ್ಷೆ ನಡೆಸಿದ ವರದಿ ಇದು.

ನಿನ್ನೆ ಭಾನುವಾರ, ಮಾವನವರನ್ನು ಅಡುಗೆಮನೆಯ ಬಾಗಿಲಿಗೆ ಬೆನ್ನು ಹಾಕಿ ಕೂರಿಸಿದೆ. ಪತ್ರಿಕೆ ಕಸಿದುಕೊಂಡೆ. ನನ್ನವರ ಕೈಗೆ ಕಾಗದ ಪೆನ್ಸಿಲ್ ಕೊಟ್ಟೆ. ಚೌಕಕಾಲ ಅವರ ‘ಹುಟ್ಟುವ ಕ್ಷಣ’ದ ಸೂತ್ರ ಹಿಡಿದು ನಾನು ಒಂದು ಕಾಲಂ, ಮಾವ ಒಂದು ಕಾಲಂ. ಬೇರೆಬೇರೆ ರಚನೆಗಳಿಂದ ಹನ್ನೆರಡು ತುಣುಕು. ಹನ್ನೊಂದರಲ್ಲಿ ಇಬ್ಬರದೂ ಒಂದೇ ಉತ್ತರ. ಇಷ್ಟು ಒಮ್ಮತ ಈ ಮನೆಯಲ್ಲಿ ಉಪ್ಪಿನ ವಿಷಯದಲ್ಲೂ ಆಗಿಲ್ಲ.

ಹನ್ನೆರಡನೆಯದಕ್ಕೆ ಕುಕ್ಕರ್ ಕೂಗುತ್ತಿತ್ತು. ಮಾವ ಬೆರಳೆತ್ತಿ “ಕದ್ರಿ, ಅನುಮಾನವೇ ಇಲ್ಲ” ಎಂದರು. ನಾನು ಒಲೆ ಆರಿಸಿ, ಸ್ವಲ್ಪ ಹಿಂದಕ್ಕೆ ತಂದು ಮತ್ತೆ ಹಾಕಿದೆ. ಅದು ಸ್ಯಾಕ್ಸೊಫೋನೇ ಅಲ್ಲ, ಪಿಟೀಲು. ಕದ್ರಿಯವರು ಆಗಷ್ಟೇ ಬಿಟ್ಟ ಸಂಚಾರವನ್ನು ಕನ್ಯಾಕುಮಾರಿ ಎತ್ತಿಕೊಂಡಿದ್ದರು.

ನನ್ನವರು ಕಾಗದದಲ್ಲಿ ದೊಡ್ಡದಾಗಿ ಸೊನ್ನೆ ಬರೆದರು. ಮಾವ ಒಂದು ಗಳಿಗೆ ಸುಮ್ಮನಿದ್ದರು. ಆಮೇಲೆ “ಅವರು ಉಸಿರು ತೆಗೆದುಕೊಳ್ಳುವಾಗ ಆಕೆ ನುಡಿಸಿದ್ದು ಯಾರದ್ದು? ಅವರದ್ದೇ ತಾನೆ?” ಎಂದು ಪತ್ರಿಕೆ ವಾಪಸು ಕೇಳಿದರು.

ಲಯವಿದ್ಯಾರ್ಥಿನಿ ಅವರೇ, ಅಂಕ ಕೊಡಬೇಕೋ ಬೇಡವೋ ನೀವು ಹೇಳಿ.

ಲಯವಿದ್ಯಾರ್ಥಿನಿ

ಅರ್ಧ ಅಂಕ ಕೊಡಿ. ಇನ್ನರ್ಧ ಕನ್ಯಾಕುಮಾರಿ ಅವರಿಗೆ.